ಕಾಲರ್ ಇದ್ದ ಲಗ್ನಪತ್ರಿಕೆ

ಹೊಸದಾಗಿ ಏನನ್ನಾದರೂ ಕಲಿತು ಬಂದ ಮೇಷ್ಟ್ರ ಹತ್ತಿರ ಸ್ವಲ್ಪ ದಿನ ಸುಳಿಯದಿರುವುದು ಕ್ಷೇಮ. ನಾನೇ ಮೇಷ್ಟ್ರಾದ್ದರಿಂದ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ. ಬೇರೆಯವರು ಕಲಿತದ್ದನ್ನು ತಮ್ಮ ತಲೆಯಲ್ಲೇ ಇಟ್ಟುಕೊಂಡು ಸುಖವಾಗಿರುತ್ತಾರೆ. ನಮಗೆ ಅದನ್ನು ಇನ್ನೊಬ್ಬರ ತಲೆಗೆ ದಾಟಿಸುವವರೆಗೆ ಉಂಡ ಅನ್ನ ಅರಗುವುದಿಲ್ಲ. ಗಾವಡಗೆರೆ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನಿದ್ದಾಗ ಹುಣಸೂರಿನಲ್ಲಿ ನಮಗೊಂದು ತರಬೇತಿ ನಡೆಯಿತು. ಅಲ್ಲಿ ಭಾಷಣಗಳೂ ಇದ್ದವು, ಉಪ್ಪಿಟ್ಟೂ ಇತ್ತು. ಎರಡರ ನಡುವೆ ಯಾರೋ ಒಬ್ಬರು ಕಾಗದದಲ್ಲಿ ಅಂಗಿ ಮಡಿಸುವುದನ್ನು ತೋರಿಸಿದರು. ಭಾಷಣವೆಲ್ಲ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮರೆತುಹೋಯಿತು, ಅಂಗಿ ಮಾತ್ರ ಕೈಯಲ್ಲಿ ಉಳಿಯಿತು. ಬಸ್ಸಿನಲ್ಲಿ ಟಿಕೆಟ್ಟನ್ನೇ ಅಂಗಿ ಮಾಡಿಕೊಂಡು ಕೂತಿದ್ದೆ. ಚೆಕಿಂಗಿನವರು ಹತ್ತಿ ಟಿಕೆಟ್ ಕೇಳಿದಾಗ ಒಂದು ಪುಟ್ಟ ಅಂಗಿ ಕೊಟ್ಟೆ. ಅವರು ಅದನ್ನು ಬಿಚ್ಚಿ ನೋಡಿ, ಮತ್ತೆ ನನ್ನ ಮುಖ ನೋಡಿ, ಮುಂದಕ್ಕೆ ಹೋದರು.

ಮಾರನೆಯ ದಿನವೇ ಮಕ್ಕಳಿಗೆ ಕಲಿಸಿದೆ. ಕೆಲಸ ಕಷ್ಟದ್ದಲ್ಲ. ಉದ್ದನೆಯ ಹಾಳೆಯ ಎರಡು ಅಂಚನ್ನು ನಡುವಿಗೆ ಮಡಿಸಬೇಕು, ಒಂದು ತುದಿಯನ್ನು ಹೊರಕ್ಕೆ ಎಳೆದರೆ ತೋಳು, ಇನ್ನೊಂದು ತುದಿಯಲ್ಲಿ ಸಣ್ಣ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಮೂಲೆಗಳನ್ನು ಮುಂದಕ್ಕೆ ತಂದರೆ ಕಾಲರ್, ಆಮೇಲೆ ಕೆಳಗಿನದನ್ನು ತಂದು ಕಾಲರಿನ ಕೆಳಗೆ ಸಿಕ್ಕಿಸಿದರೆ ಅಂಗಿ. ನಾನು ಮಾಡಿದ್ದಕ್ಕೆ ಯಾಕೋ ಒಂದು ಭುಜ ಇಳಿದೇ ಇರುತ್ತಿತ್ತು. ಮಕ್ಕಳದ್ದು ಮಾತ್ರ ಅಂಗಡಿಯಿಂದ ತಂದ ಹಾಗೆ. ಹಳೆಯ ಪೇಪರು ಕಾಲರಿನ ಹತ್ತಿರ ಹರಿಯುತ್ತಿತ್ತು. ಅದಕ್ಕೇ, "ಗಟ್ಟಿ ಕಾಗದ ಸಿಕ್ಕಿದ್ರೆ ನೋಡ್ರೋ, ಬಣ್ಣದ್ದಾದ್ರೆ ಇನ್ನೂ ಚೆಂದ" ಎಂದು ಒಂದು ಮಾತು ಹೇಳಿದೆ. ಮೇಷ್ಟ್ರ ಮಾತನ್ನು ಮಕ್ಕಳು ಕೇಳುವುದಿಲ್ಲ ಎಂದು ಕೊರಗುವವರು ನನ್ನ ಹತ್ತಿರ ಬರಬೇಕು.

ನಾಲ್ಕನೆಯ ಕ್ಲಾಸಿನ ಮಂಗಳಾ ನನ್ನ ಮಾತು ಕೇಳಿದಳು. ಅವಳ ಅಕ್ಕನಿಗೆ ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಭಾನುವಾರ ದೊಡ್ಡವರೆಲ್ಲ ಹುಣಸೂರಿಗೆ ಜವಳಿ ತರಲು ಹೋದರು. ಮನೆಯಲ್ಲಿ ಉಳಿದ ಮಕ್ಕಳು ತಮ್ಮ ಜವಳಿಯನ್ನು ತಾವೇ ಮಾಡಿಕೊಂಡರು. ಗಟ್ಟಿ ಕಾಗದ, ಗುಲಾಬಿ ಬಣ್ಣ, ಮೂಲೆಗೆ ಅರಿಶಿನ ಬೇರೆ ಹಚ್ಚಿ ಕಟ್ಟಿಟ್ಟಿದ್ದ ಲಗ್ನಪತ್ರಿಕೆಯ ಕಟ್ಟು ಅಲ್ಲೇ ದೇವರ ಮುಂದೆ ಇತ್ತು.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಮಂಗಳಾಳ ಅಪ್ಪ ಸಿದ್ದೇಗೌಡರು ಶಾಲೆಯ ಜಗಲಿಗೆ ಬಂದು ಒಂದು ಟವೆಲ್ ಗಂಟು ಬಿಚ್ಚಿದರು. ಒಳಗೆ ಗುಲಾಬಿ ಬಣ್ಣದ ಅಂಗಿಗಳ ರಾಶಿ. "ಏನ್ ಮೇಷ್ಟ್ರೇ, ಓದು ಕಲ್ಸಿ ಅಂತ ಕಳ್ಸುದ್ರೆ ದರ್ಜಿ ಕೆಲ್ಸ ಕಲ್ಸಿದ್ದೀರಲ್ಲ! ನಾಳೀಕೆ ಪತ್ರಿಕೆ ಹಂಚೋಕೆ ಒಂಡ್ಬೇಕು ಕಣ್ರೀ. ಪ್ರೆಸ್ನೋರ್ನ ಕೇಳುದ್ರೆ ಇನ್ನೊಂದು ವಾರ ಆಯ್ತದೆ ಅಂತವ್ರೆ. ಗಂಡಿನ ಕಡೆಯೋರ್ಗೆ ಏನಂತ ಯೋಳನ?"

ಒಂದು ಪತ್ರಿಕೆಗೆ ಏನಾದರೂ ಹೆಚ್ಚುಕಡಿಮೆಯಾದರೆ ಅಪಶಕುನ ಎಂದು ಬೀಗರು ಮುಖ ತಿರುಗಿಸುವ ಕಾಲ. ಇಲ್ಲಿ ಅರ್ಧ ಕಟ್ಟೇ ಅಂಗಿಯಾಗಿದೆ. ಬಾಗಿಲ ಹತ್ತಿರ ಮಂಗಳಾ ಕಣ್ಣು ತುಂಬಿಕೊಂಡು ನಿಂತಿದ್ದಳು. "ಇಸ್ತ್ರಿ ಮಾಡಿದರೆ ಸರಿಹೋಗುತ್ತೆ ಬಿಡಿ" ಎಂದೆ. ಸಿದ್ದೇಗೌಡರ ಮನೆಗೇ ಹೋಗಿ, ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿಸಿ, ಒಂದು ಪತ್ರಿಕೆಯನ್ನು ಬಿಚ್ಚಿ ಉಜ್ಜಿದೆ. ಮಡಿಕೆ ಹಾಗೇ ಉಳಿಯಿತು, ಮದುವೆ ಗಂಡಿನ ಹೆಸರು ಮಾತ್ರ ಕಂದಿ ಹೋಯಿತು. ಸಿದ್ದೇಗೌಡರು ಪೆಟ್ಟಿಗೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ದೂರ ಇಟ್ಟರು.

ಇಷ್ಟೂ ಹೊತ್ತು ಎಲೆ ಅಡಿಕೆ ಕುಟ್ಟುತ್ತ ಕೂತಿದ್ದ ಅವರ ತಾಯಿ ನಿಂಗಜ್ಜಿ ಒಂದು ಅಂಗಿಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಕಾಲರ್ ಮುಟ್ಟಿದರು. ಬಿಚ್ಚಿದರು. ಒಳಗೆ ಗಣಪತಿ, ಹೆಣ್ಣು ಗಂಡಿನ ಹೆಸರು, ಅರಿಶಿನ, ಎಲ್ಲ ಸರಿಯಾಗಿಯೇ ಇತ್ತು.

"ಯಾಕ್ಲಾ ಅಂಗಾಡೀಯೆ?" ಎಂದರು ಮಗನಿಗೆ. "ಮದ್ವೆಗೆ ಬಟ್ಟೆ ಕೊಡೋದು ಸುಭ ತಾನೆ? ಹರಿದಿಲ್ಲ, ಮುಕ್ಕಾಗಿಲ್ಲ. ಇಂಗೇ ಕೊಡು, ಬುಡು."

ಸಿದ್ದೇಗೌಡರು ತುಸು ಯೋಚಿಸಿದರು. "ಆಯ್ತು ಕಣವ್ವ. ಆದ್ರೆ ಇನ್ನರ್ಧ ಬರೀ ಕಾಗ್ದವಾಗೇ ಅದಲ್ಲ? ಅವ್ರ ಮನೆಗೆ ಅಂಗಿ ಕೊಟ್ರು, ನಮ್ಮನೆಗೆ ಪೇಪರ್ ಎಸುದ್ರು ಅಂತ ನೆಂಟ್ರು ಜಲ್ಮೆಲ್ಲ ಆಡ್ಕೊತಾರೆ."

ಮಾತು ನಿಜ. ಹಾಗಾಗಿ ಆ ಮಧ್ಯಾಹ್ನ ನನ್ನ ನಾಲ್ಕನೆಯ ಕ್ಲಾಸು ಪೂರ್ತಿ ಸಿದ್ದೇಗೌಡರ ಪಡಸಾಲೆಯಲ್ಲಿ ನಡೆಯಿತು. ಮಂಗಳಾ ಕಣ್ಣೊರೆಸಿಕೊಂಡು ಮೇಲ್ವಿಚಾರಣೆಗೆ ನಿಂತಳು. ಹೆಂಗಸರೇ ದೊಡ್ಡವರಾಗಿರುವ ಮನೆಗೆ ರವಿಕೆ ಇರಲಿ ಎಂದು ನಿಂಗಜ್ಜಿ ಅಪ್ಪಣೆ ಕೊಟ್ಟರು. ಮಕ್ಕಳು ಕಾಲರನ್ನು ಒಳಕ್ಕೆ ಮಡಿಸಿ, ತೋಳನ್ನು ಗಿಡ್ಡ ಮಾಡಿ, ನನ್ನನ್ನು ಒಂದು ಮಾತೂ ಕೇಳದೆ ರವಿಕೆಯನ್ನೂ ಕಂಡುಹಿಡಿದರು. ನಾನೂ ಕೈ ಹಾಕಿದೆ. ಮಂಗಳಾ ನನ್ನ ಅಂಗಿಗಳನ್ನು ಒಂದೊಂದಾಗಿ ಎತ್ತಿ ನೋಡಿ ಬೇರೆ ರಾಶಿ ಮಾಡತೊಡಗಿದಳು.

"ಯಾಕಮ್ಮ?" ಎಂದೆ.

"ನಿಮ್ದು ಬುಜ ಸೊಟ್ಟ ಅದೆ ಸಾ. ನಮ್ಮ ಕಡೆಯೋರ್ಗೆ ಕೊಡ್ಬೋದು. ಗಂಡಿನ ಕಡೆಯೋರ್ಗೆ ಬ್ಯಾಡಿ."

ಪತ್ರಿಕೆ ಹಂಚಿ ಬರುವವರೆಗೂ ನಾನು ಸಿದ್ದೇಗೌಡರ ಮನೆಯ ಕಡೆ ಸುಳಿಯಲಿಲ್ಲ. ಆದರೆ ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಎಲ್ಲರ ಮನೆಯಲ್ಲೂ ಅಂಗಿ ಬಿಚ್ಚುವುದೇ ಒಂದು ಸಂಭ್ರಮವಾಯಿತಂತೆ. ಬಿಚ್ಚಿದವರಿಗೆ ಮತ್ತೆ ಮಡಿಸಲು ಬರದೆ, ಅದನ್ನು ಕಲಿಯುವುದಕ್ಕೆಂದೇ ಕೆಲವರು ಮದುವೆಗೆ ಬೇಗ ಬಂದರು. ಬೀಗರು ಮುಖ ತಿರುಗಿಸಲಿಲ್ಲ. ಬದಲಿಗೆ ಗಂಡಿನ ಸೋದರಮಾವ, ಪಂಕ್ತಿಯಲ್ಲಿ ಪಾಯಸದ ಮುಂದೆ ಕೂತಿದ್ದ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಬಟ್ಟೆ ಮಡ್ಸೋದ್ರಲ್ಲಿ ಇವ್ರುನ್ನ ಮೀರ್ಸೋರಿಲ್ಲ ಕಣ್ರಪ್ಪ!" ಎಂದು ಛತ್ರಕ್ಕೆಲ್ಲ ಕೇಳುವಂತೆ ಸಾರಿದರು. ಮಂಗಳಾ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ನಾಚಿಕೆಯಿಂದಲೇ ಆದರೂ ಆ ಹೊಗಳಿಕೆಯನ್ನು ಅಲ್ಲಗಳೆಯಲಿಲ್ಲ.

ಅಲ್ಲಗಳೆಯಬೇಕಿತ್ತು. ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ಶಾರದಾ ಕೂತಿದ್ದಳು. ಮಾರನೆಯ ದಿನ ನಾನು ಕಾಫಿ ಕುಡಿಯುತ್ತಿದ್ದಾಗ ಅವಳು ಹಗ್ಗದ ಮೇಲಿನ ಒಣಗಿದ ಬಟ್ಟೆಯನ್ನೆಲ್ಲ ತಂದು ನನ್ನ ತೊಡೆಯ ಮೇಲೆ ಸುರಿದಳು. "ಇಷ್ಟು ವರ್ಷ ಈ ವಿಷಯ ಮುಚ್ಚಿಟ್ಟಿದ್ದೀರಲ್ರೀ" ಎಂದಳು. ಕಾಗದ ಮಡಿಸುವುದೇ ಬೇರೆ, ಬಟ್ಟೆ ಮಡಿಸುವುದೇ ಬೇರೆ ಎಂದು ಉದಾಹರಣೆ ಸಹಿತ ವಿವರಿಸಿದೆ. ನನ್ನ ವಿದ್ಯಾರ್ಥಿಗಳಂತೆಯೇ ಅವಳೂ ಅದನ್ನು ಶಾಂತವಾಗಿ ಕೇಳಿಸಿಕೊಂಡು ಒಳಗೆ ಹೋದಳು. ಅಂದಿನಿಂದ ಮನೆಯಲ್ಲಿ ಆ ಕೆಲಸ ನನ್ನದೇ. ಟವೆಲು, ಪಂಚೆ, ಮಕ್ಕಳ ಚಡ್ಡಿ ಎಲ್ಲ ನನ್ನ ಕೈಗೆ ಬಂದಿವೆ. ಸೀರೆಗಳನ್ನು ಮಾತ್ರ ಅವಳು ಇನ್ನೂ ಕೊಟ್ಟಿಲ್ಲ. ಅಷ್ಟಕ್ಕೆ ನಾನಿನ್ನೂ ಪಾಸಾಗಿಲ್ಲವಂತೆ.