ಡಬ್ಬಿ ಒಬ್ಬರದು, ಮುಚ್ಚಳ ಇನ್ನೊಬ್ಬರದು

ಹದಿಮೂರು ದಿನದ ಕರ್ಮ ಮುಗಿದು, ನೆಂಟರೆಲ್ಲ ರೈಲು ಹತ್ತಿದ ಮರುದಿನ ಬೆಳಿಗ್ಗೆ ನಾರಾಯಣಗೂಡದ ಹಾಲಿನವ ಎಂದಿನಂತೆ ತೆಲುಗಿನಲ್ಲಿ "ಪಾಲಮ್ಮಾ" ಎಂದು ಕೂಗಿದ. ಉಷಾ ಎಂದಿನಂತೆ ಎರಡು ಲೋಟ ಚಹಾ ಸೋಸಿ, ಒಂದಕ್ಕೆ ಸಕ್ಕರೆ ಹಾಕದೆ ಬಿಟ್ಟಳು. ಅದನ್ನು ಕುಡಿಯುವವನು ಇರಲಿಲ್ಲ. ಗಂಡ ಪ್ರಾಣೇಶನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಿಜ. ಆದರೆ ಅವನನ್ನು ಒಯ್ದದ್ದು ಜೀಡಿಮೆಟ್ಲಾ ರಸ್ತೆಯ ಲಾರಿ.

ಅವನ ಪುಸ್ತಕ ಜೋಡಿಸುವಾಗ ಹಿಂದಿನಿಂದ ಒಂದು ಸ್ಟೀಲ್ ಡಬ್ಬಿ ಉರುಳಿತು. ಮೈಮೇಲೆ 'ಗೋದಾಬಾಯಿ' ಎಂದು ಕೊರೆದಿತ್ತು, ಮುಚ್ಚಳದ ಮೇಲೆ 'ಶಿವದೇವಿ'.

"ಹೋದವರು ತಂದ ಎರವಿನ ಸಾಮಾನು ಮನ್ಯಾಗ ಇರಬಾರದು," ಅತ್ತೆ ಉಮಾಬಾಯಿ ಹೌಹಾರಿದರು. "ಹೊತ್ತು ಮುಳುಗೂದ್ರಾಗ ಕೊಟ್ಟು ಬಾ. ಇಲ್ಲಾಂದ್ರ ನನ್ನ ಮಗ ದಾರ್ಯಾಗ ನಿಂತಾನು."

ಕೆಳಗಿನ ಮನೆಯ ಗೋದಾಬಾಯಿ ಡಬ್ಬಿಯನ್ನು ಹಾವಿನಂತೆ ನೋಡಿದರು. "ನಂದಲ್ಲ ಬಿಡು. ಶಿವದೇವಿ ಅಂತ ಎದ್ದು ಕಾಣಸ್ತದಲ್ಲ!"

ಮೇಲಿನ ಮನೆಯ ಶಿವದೇವಿ ಮುಚ್ಚಳದತ್ತ ಕಣ್ಣೇ ಹಾಯಿಸಲಿಲ್ಲ. "ಗೋದಾಬಾಯಾರ ಹೆಸರು ಐತಲ್ರಿ. ಅವರ ಕಣ್ಣಿಗೆ ಏನಾಗೇತಿ?"

ಮತ್ತೆ ಕೆಳಗೆ, ಮತ್ತೆ ಮೇಲೆ. ಗಾಣದ ಎತ್ತಿಗೂ ಈ ಪಾಡಿಲ್ಲ, ಅದಕ್ಕೆ ಮೆಟ್ಟಿಲಿರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಷಾಳಿಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಮನಃಶಾಸ್ತ್ರದ ಎಂ.ಎ. ತರಗತಿಯಲ್ಲಿ ಹಸಿರು ಮಸಿಯಲ್ಲಿ ಬರೆದ 'ಕೆಂಪು' ಎಂಬ ಪದ ತೋರಿಸಿ, ಮಸಿಯ ಬಣ್ಣ ಹೇಳಿ ಎನ್ನುತ್ತಿದ್ದರು. ಮೊದಲ ಸಲ ನಾಲಿಗೆ ತಡವರಿಸುತ್ತಿತ್ತು. ಮುಂದಿನ ಸಲ ಮನಸ್ಸು ತಾನೇ ಎಚ್ಚರಗೊಂಡು, ಬೇಡದ್ದನ್ನು ಆಚೆ ತಳ್ಳುತ್ತಿತ್ತು. ಈ ಇಬ್ಬರು ಒಂದೇ ದಿನದಲ್ಲಿ ಅದರಲ್ಲಿ ಪಂಡಿತರಾಗಿದ್ದರು. ಆದರೆ ಅವರಿಗೆ ಬೇಡವಾದದ್ದು ತಮ್ಮ ತಮ್ಮ ಹೆಸರೇ ಏಕೆ?

ಮೂರನೆಯ ಸಲ ಮುಚ್ಚಳವನ್ನು ಅಂಗೈಯಿಂದ ಮರೆಮಾಡಿ, ಡಬ್ಬಿಯನ್ನು ಗೋದಾಬಾಯಿಯ ಮೂಗಿಗೇ ಹಿಡಿದಳು. "ಈಗ ಓದ್ರಿ, ಕಾಕು."

ಗೋದಾಬಾಯಿ ಅತ್ತುಬಿಟ್ಟರು. "ಪ್ರಾಣೇಶಗ ಸಿಹಿ ಕೊಡಬ್ಯಾಡ್ರಿ ಅಂತ ನಮ್ಮಿಬ್ಬರಿಗೂ ಆಣಿ ಹಾಕಿದ್ದಿ. ಅಂವಾ ಬಂದು 'ಒಂದ ಬೇಸನ್ ಉಂಡಿ, ಕಾಕು' ಅಂದ್ರ ಹೆಂಗ ಇಲ್ಲನ್ನಲಿ? ಎರಡ ವರ್ಷದ ಹಿಂದ ಡಬ್ಬೀನ ಒಯ್ದಾ. ಮುಚ್ಚಳ ಎಲ್ಲೋ ಕಳದಾ, ಶಿವದೇವಿ ತನ್ನ ಮುಚ್ಚಳ ಕೊಟ್ಲು. ನನ್ನ ಮುಚ್ಚಳ ನಿಮ್ಮನ್ಯಾಗನ ಇರಬೇಕು, ನೋಡು."

"ಸಾಧ್ಯನ ಇಲ್ಲರಿ. ಎರಡು ವರ್ಷ ನನ್ನ ಕಣ್ಣು ತಪ್ಪಿಸಿ?" ಎಂದಳು ಉಷಾ, ಎಂ.ಎ.ಯ ಗತ್ತಿನಲ್ಲಿ.

ಖಾಲಿ ಡಬ್ಬಿ ಮರಳಿಸಬಾರದಲ್ಲ. ಒಂದು ಹಿಡಿ ಸಕ್ಕರೆ ಹಾಕಿಕೊಡಲು ಮನೆಗೆ ಬಂದು, ಗಂಡನ ಕಣ್ಣಿಗೆ ಬೀಳದಂತೆ ಹಿಟ್ಟಿನ ಡಬ್ಬಿಗಳ ಹಿಂದೆ ಬಚ್ಚಿಡುತ್ತಿದ್ದ ಸಕ್ಕರೆ ಡಬ್ಬಿ ಎಳೆದಳು. ದಿನಕ್ಕೆ ನಾಲ್ಕು ಸಲ ತೆರೆದು ಮುಚ್ಚಿದ ಅದರ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ 'ಗೋದಾಬಾಯಿ' ಎಂದಿತ್ತು.

ಅಂದರೆ ಸಕ್ಕರೆಯೂ ಅವನಿಗೆ ಸಿಕ್ಕಿತ್ತು. ಅವಸರದಲ್ಲಿ ಇದರ ಮುಚ್ಚಳ ಎಲ್ಲೋ ಕಳೆದು, ಗೋದಾಬಾಯಿಯದನ್ನು ಮುಚ್ಚಿಟ್ಟಿದ್ದ.

ಶಿವದೇವಿಯ ಮುಚ್ಚಳವನ್ನು ಮೇಲೆ ಕೊಟ್ಟು, ಹೊತ್ತು ಮುಳುಗುವ ಮೊದಲು ಉಷಾ ಕೆಳಗಿಳಿದಳು. ಅತ್ತ ಅವಳ ಅಡುಗೆಮನೆಯಲ್ಲಿ ಮುಚ್ಚಳವಿಲ್ಲದ ಸಕ್ಕರೆ ಡಬ್ಬಿ ಬಾಯ್ತೆರೆದು ಕೂತಿತ್ತು. ಇರುವೆಗಳಿಗೆ ಸುದ್ದಿ ಆಗಲೇ ಮುಟ್ಟಿತ್ತು.

"ಅಯ್ಯ, ನನ್ನ ಮುಚ್ಚಳ! ಎಲ್ಲಿತ್ತು?"

"ಕಣ್ಣ ಮುಂದನ ಇತ್ರಿ, ಕಾಕು," ಎಂದು ಉಷಾ ಡಬ್ಬಿಯನ್ನು ಅವರ ಕೈಗಿಟ್ಟಳು.