ಚುಕ್ಕಿ ಮೈನುಂಬಿ

ಗಲಾಟೆಗೆಲ್ಲ ಮೂಲ ಒಂದು ಸೋಪು. ಮೈನುಂಬಿ ಎಂಬ ಆ ಸೋಪನ್ನು ಸಾಗರದಾಚೆಯ ಯಾವುದೋ ಕಂಪನಿ ತಯಾರಿಸುತ್ತಿತ್ತು. ಪರಾಗ್ವೆಯಲ್ಲಿ ಮೈನುಂಬಿ ಎಂಬ ಹಳ್ಳವಿದೆ, ಅದರ ದಂಡೆಯಲ್ಲಿ ಅದೇ ಹೆಸರಿನ ಊರಿದೆ ಎನ್ನುವುದು ಕಂಪನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಸೋಪಿನ ನೊರೆ ಕಡಿಮೆಯಾಗುತ್ತಿರಲಿಲ್ಲ.

ಅಂತರಜಾಲದ ವಿಳಾಸಗಳ ತುದಿಗೆ ಚುಕ್ಕಿಯಿಟ್ಟು ಒಂದು ಬಾಲ ಬರೆಯುತ್ತಾರಲ್ಲ, ಅಂಥ ಹೊಸ ಬಾಲಗಳನ್ನು ಹಂಚುವ ಸಂಸ್ಥೆಗೆ ಕಂಪನಿ ಅರ್ಜಿ ಹಾಕಿತ್ತು. ‘ಚುಕ್ಕಿ ಮೈನುಂಬಿ’ ನಮಗೊಬ್ಬರಿಗೇ ಬೇಕು. ಈ ಹೆಸರಿನ ಜನಸಮುದಾಯ ಭೂಮಿಯ ಮೇಲೆ ಎಲ್ಲೂ ಇಲ್ಲ, ಎಂದಿತ್ತು ಅರ್ಜಿ.

ಇದನ್ನು ಓದಿದವನು ಕ್ರಿಸಾಂತೊ ಲೆದೆಸ್ಮಾ. ನಾಲ್ಕು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ ಇದ್ದ ಊರಿನ ಏಕೈಕ ಇಂಟರ್ನೆಟ್ ಅಂಗಡಿಯ ಒಡೆಯ. ಓದಿದ್ದು ಆಕ್ಷೇಪಣೆ ಸಲ್ಲಿಸುವ ಕಡೆಯ ದಿನ ಬೆಳಿಗ್ಗೆ. ಅವನು ಚಪ್ಪಲಿ ಮರೆತು ಚೌಕಕ್ಕೆ ಓಡಿದ.

“ನಾವು ಇಲ್ವಂತೆ!”

ಮೇಯರ್ ದೋನ್ ಅಪೊಲಿನಾರ್ ಬಾಯಿಂದ ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಪಾನೀಯದ ಕೊಳವೆ ತೆಗೆಯದೆ ಕೇಳಿದರು. “ಯಾರು ಇಲ್ಲ?”

“ಊರೇ ಇಲ್ವಂತೆ. ನೀವೂ ಇಲ್ಲ, ದೋನ್.”

“ನಾನಿಲ್ಲ ಅಂದ್ರೆ ಇದನ್ನ ಕುಡೀತಿರೋನು ಯಾರಯ್ಯ?”

ಅರ್ಧ ಗಂಟೆಯಲ್ಲಿ ಊರು ಅಂಗಡಿಯ ಮುಂದೆ ಸಾಲುಗಟ್ಟಿತು. ಆಕ್ಷೇಪಣೆಯನ್ನು ಯಾರು ಬೇಕಾದರೂ ಕಳಿಸಬಹುದಿತ್ತು. ಆದರೆ ಏನು ಬರೆಯಬೇಕೆಂಬುದನ್ನು ಕ್ರಿಸಾಂತೊ ಯಾರಿಗೂ ಬಿಡಲಿಲ್ಲ. ಇಪ್ಪತ್ತು ವರ್ಷ ಬೇರೆಯವರ ಕಾಗದಗಳನ್ನು ನಕಲು ಮಾಡಿದವನಿಗೆ ತನ್ನದೊಂದು ಬರಹ ಲೋಕಕ್ಕೆ ತಲುಪುವ ದಿನ ಬಂದಿತ್ತು. ಕಪ್ಪು ಹಲಗೆಯ ಮೇಲೆ ಬರೆದ: “ಓ ಜಗತ್ತೇ! ಮುಂಜಾವಿನ ಕೆನ್ನೆಯಂತೆ ಕೆಂಪಾದ ಮಣ್ಣಿನ ಮಕ್ಕಳು ನಾವು…” ಹೀಗೆ ಏಳು ಸಾಲು. ಕೊನೆಯ ಸಾಲಿಗೆ ಅವನಿಗೇ ಕಣ್ಣು ತುಂಬಿತು.

ಔಷಧಿ ಅಂಗಡಿಯ ಓಬ್ದುಲಿಯಾ ಕೈ ಎತ್ತಿದಳು. “ನಾನು ನನ್ನ ಮಾತಲ್ಲೇ ಬರೀತೀನಪ್ಪ. ನಮ್ಮಜ್ಜ ಈ ಹಳ್ಳದಲ್ಲಿ ಮೀನು ಹಿಡೀತಿದ್ದ ಅಂತ.”

“ಬೇಡವೇ ಬೇಡ. ಒಂದಕ್ಷರ ಆಚೀಚೆ ಆದ್ರೆ ಒಗ್ಗಟ್ಟು ಒಡೆಯುತ್ತೆ.”

“ಎಲ್ಲಾ ಒಂದೇ ಥರ ಇದ್ರೆ ಓದೋರಿಗೆ ಬೇಜಾರಾಗಲ್ವಾ?”

“ಒಳ್ಳೇದನ್ನ ಎಷ್ಟು ಸಲ ಓದಿದ್ರೂ ಬೇಜಾರಾಗಲ್ಲ,” ಎಂದ ಕವಿ.

ಸಾಲಿನ ತುದಿಯಲ್ಲಿ ಚಿಪಾ ರೊಟ್ಟಿ ಸುಡುವ ಪಕ್ಕದ ಮನೆಯ ಮುದುಕಿ, ಊರೆಲ್ಲ ಗೌರವದಿಂದ ‘ಞಾ’ ಎನ್ನುತ್ತಿದ್ದ ಪೆರ್ಪೆತುವಾ, ಬುಟ್ಟಿ ಹಿಡಿದು ನಿಂತಿದ್ದಳು. ಅವಳ ಅಂಗಳಕ್ಕೂ ಕ್ರಿಸಾಂತೊನ ಹಿತ್ತಿಲಿಗೂ ನಡುವೆ ಇದ್ದದ್ದು ಒಂದು ಚರಂಡಿ ಮತ್ತು ಹನ್ನೊಂದು ವರ್ಷದ ಮೌನ. ಇವತ್ತು ಅವಳೇ ಮೌನ ಮುರಿದಳು.

“ಲೋ, ಇವ್ರು ಉತ್ತರ ಕೊಡ್ತಾರಾ?”

“ತೊಂಬತ್ತು ದಿನದೊಳಗೆ ಕೊಡಲೇಬೇಕು, ಞಾ. ನಿಯಮ ಇದೆ.”

“ಹಾಗಾದ್ರೆ ವಾಸಿ. ಪುರಸಭೆಗೆ ಹನ್ನೊಂದು ವರ್ಷದಿಂದ ಬರೀತಿದೀನಿ, ಒಂದಕ್ಕೂ ಉತ್ತರ ಇಲ್ಲ.”

ಮೇಯರಿಗೆ ತಟ್ಟನೆ ಕೆಮ್ಮು ಬಂತು.

ಮಧ್ಯಾಹ್ನದ ನಿದ್ದೆಯನ್ನು ಊರು ಅಂದು ಮೊದಲ ಬಾರಿಗೆ ತ್ಯಾಗ ಮಾಡಿತು. ಆದರೂ ಕೆಲಸ ಆಮೆಯಂತೆ ಸಾಗಿತು. ಪ್ರತಿಯೊಬ್ಬರೂ ತಾವು ಯಂತ್ರವಲ್ಲ ಎಂದು ಸಾಬೀತು ಮಾಡಬೇಕಿತ್ತು: ಒಂಬತ್ತು ಚಿತ್ರಗಳಲ್ಲಿ ಸಿಗ್ನಲ್ ದೀಪ ಇರುವವನ್ನು ಒತ್ತಿ. ಮೈನುಂಬಿಯಲ್ಲಿ ಸಿಗ್ನಲ್ ದೀಪವಿಲ್ಲ. ರಾಜಧಾನಿಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದ ಮೇಯರ್ ಪ್ರತಿಯೊಬ್ಬರ ಬೆನ್ನ ಹಿಂದೆ ನಿಂತು ಬೆರಳು ತೋರಿಸಿದರು. “ಇದು ದೀಪ. ಇದೂ ದೀಪ. ಅದು ಕಂಬ, ಮುಟ್ಟಬೇಡ!”

ನಾಲ್ಕು ಗಂಟೆಗೆ ಕ್ರಿಸಾಂತೊ ನಿಯಮದ ಕೊನೆಯ ಸಾಲು ಓದಿ ಬಿಳುಚಿಕೊಂಡ. ಗಡುವಿನ ರಾತ್ರಿ ಹನ್ನೆರಡು ಗಂಟೆಯೆಂದರೆ ನಮ್ಮ ಹನ್ನೆರಡಲ್ಲ, ಲೋಕದ ಗಡಿಯಾರದ ಹನ್ನೆರಡು. ನಮಗೆ ರಾತ್ರಿ ಎಂಟು. ಐದಕ್ಕೆ ಕರೆಂಟು ಹೋಯಿತು. ಇಗರ್ಜಿಯ ಜನರೇಟರನ್ನು ಆರು ಜನ ಪಲ್ಲಕ್ಕಿಯಂತೆ ಹೊತ್ತು ತಂದರು. ಅದು ಕೆಮ್ಮಿತು, ಸೀನಿತು, ಕೊನೆಗೆ ಗುಡುಗಿತು. ಊರು ಚಪ್ಪಾಳೆ ತಟ್ಟಿತು.

ಏಳೂವರೆಗೆ ಮುನ್ನೂರ ಹನ್ನೊಂದು ಆಕ್ಷೇಪಣೆ ಹೋಗಿದ್ದವು. ಉಳಿದವಳು ಞಾ ಪೆರ್ಪೆತುವಾ. ಅವಳು ಕೂತು, ಕನ್ನಡಕ ಏರಿಸಿ, ಕೋಳಿ ಕಾಳು ಕುಕ್ಕುವಂತೆ ಒಂದೇ ಬೆರಳಲ್ಲಿ ಶುರುಮಾಡಿದಳು.

“ಞಾ, ನಾನು ಒತ್ತಿಕೊಡ್ತೀನಿ, ಹೊತ್ತಾಗ್ತಿದೆ.”

“ದೂರ ನಿಲ್ಲು. ಮತ ಹಾಕೋವಾಗ್ಲೂ ಹೀಗೇ ಇಣುಕ್ತೀಯಾ?” ಎಂದು ಪರದೆಗೆ ಬುಟ್ಟಿ ಅಡ್ಡ ಇಟ್ಟಳು.

ಏಳು ಐವತ್ತು. ಏಳು ಐವತ್ತೈದು. ಕ್ರಿಸಾಂತೊನ ಅಂಗಿ ಒದ್ದೆಯಾಯಿತು. ಏಳು ಐವತ್ತೊಂಬತ್ತಕ್ಕೆ ಅವಳು ಎದ್ದು, “ಮುಗೀತು, ಎಲ್ಲಿ ಒತ್ತಬೇಕು?” ಎಂದಳು. ಅವನೇ ಹಾರಿ ಬಿದ್ದು ‘ಕಳಿಸು’ ಒತ್ತಿದ. ಹೊರಗೆ ಪಟಾಕಿ ಸಿಡಿಯಿತು. ಓ ಜಗತ್ತೇ ಎಂದು ಊರು ಒಕ್ಕೊರಲಿನಿಂದ ಕೂಗುತ್ತ ಅವನನ್ನು ಹೆಗಲ ಮೇಲೆ ಹೊತ್ತು ಚೌಕ ಸುತ್ತಿತು.

ಎಂಬತ್ತೊಂಬತ್ತನೆಯ ದಿನ ತೀರ್ಪು ಬಂತು. ಮೇಯರ್ ಇಗರ್ಜಿಯ ಧ್ವನಿವರ್ಧಕದಲ್ಲಿ ಓದಿದರು. ಮೊದಲ ಸಾಲಿಗೇ ಕುಣಿತ ಶುರುವಾಯಿತು: ಕಂಪನಿಯ ಅರ್ಜಿ ತಿರಸ್ಕೃತ. ಮೈನುಂಬಿ ಇದೆ! ಕ್ರಿಸಾಂತೊ ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸಾಲಲ್ಲಿ ನಿಂತಿದ್ದ, ಹೆಗಲುಗಳು ಬರಲೆಂದು.

ಮೇಯರ್ ಮುಂದುವರಿದರು. “ಅಕ್ಷರಶಃ ಒಂದೇ ಆಗಿರುವ ಮುನ್ನೂರ ಹನ್ನೊಂದು ಪತ್ರಗಳು ಒಬ್ಬನೇ ವ್ಯಕ್ತಿಯ ಅಥವಾ ಯಂತ್ರದ ಕೆಲಸವೆಂದು ಕೈಬಿಡಲಾಗಿದೆ. ತೀರ್ಪಿಗೆ ಆಧಾರವಾದ ಏಕೈಕ ಪತ್ರ ಹೀಗಿದೆ.” ಅಷ್ಟರಲ್ಲಿ ಅವರ ಕಣ್ಣು ಪತ್ರದ ಮುಂದಿನ ಸಾಲುಗಳಿಗೆ ಹೋಗಿ ದನಿ ತಗ್ಗಿತು. ಆದರೆ ಧ್ವನಿವರ್ಧಕ ತಗ್ಗಲಿಲ್ಲ.

“ಸ್ವಾಮಿ, ನಾನು ಪೆರ್ಪೆತುವಾ. ಮೈನುಂಬಿ ಹಳ್ಳದ ದಂಡೇಲಿ ನಲವತ್ತೊಂದು ವರ್ಷದಿಂದ ಚಿಪಾ ಸುಡ್ತಿದೀನಿ, ನನಗಿಂತ ಮುಂಚೆ ನಮ್ಮವ್ವ. ಪ್ರತಿ ಏಪ್ರಿಲಲ್ಲಿ ಹಳ್ಳ ಉಕ್ಕಿ ನನ್ನ ಒಲೆಗೆ ನೀರು ನುಗ್ಗುತ್ತೆ. ಯಾಕಂದ್ರೆ ಕ್ರಿಸಾಂತೊ ಲೆದೆಸ್ಮಾ ಚರಂಡೀಲಿ ಕೆಟ್ಟ ಫ್ರಿಜ್ಜು ಎಸೆದಿದಾನೆ. ಹನ್ನೊಂದು ವರ್ಷವಾದ್ರೂ ತೆಗೆದಿಲ್ಲ. ಅವನಿಗೆ ಬುದ್ಧಿ ಹೇಳಿ.”

ತೀರ್ಪು ಕೊಟ್ಟ ಸಮಿತಿಯ ಮಾತೂ ಇತ್ತು: “ಒಂದು ಫ್ರಿಜ್ಜಿಗಾಗಿ ಹನ್ನೊಂದು ವರ್ಷ ಜಗಳವಾಡಬಲ್ಲವರು ಕಾಲ್ಪನಿಕರಾಗಿರಲಾರರು. ಇದೇ ಜನಸಮುದಾಯ.”

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಹೆಗಲುಗಳು ಬಂದವು, ಞಾ ಪೆರ್ಪೆತುವಾಳನ್ನು ಹೊತ್ತು ಹೋದವು. ಕ್ರಿಸಾಂತೊ ಅಂಗಿ ಬಿಚ್ಚಿಟ್ಟು, ಹಗ್ಗ ಹಿಡಿದು ನೇರ ಚರಂಡಿಗಿಳಿದ. ಮೆರವಣಿಗೆ ಮುಗಿಸಿ ಬಂದ ಞಾ ಪೆರ್ಪೆತುವಾ ಹಗ್ಗದ ಇನ್ನೊಂದು ತುದಿ ಹಿಡಿದಳು. ಫ್ರಿಜ್ಜು ಅಲುಗುವಷ್ಟರಲ್ಲಿ ಮೇಯರ್ ಏದುಸಿರು ಬಿಡುತ್ತ ಓಡಿಬಂದರು.

“ಮುಟ್ಟಬೇಡಿ! ಕಂಪನಿ ಮೇಲ್ಮನವಿ ಹಾಕಬಹುದು. ಪರಿಶೀಲನೆಗೆ ಬಂದ್ರೆ ತೋರಿಸೋಕೆ ನಮ್ಹತ್ರ ಇರೋ ಸಾಕ್ಷಿ ಇದೊಂದೇ!”

“ಎಷ್ಟು ದಿನ ಇಡಬೇಕು?” ಎಂದಳು ಞಾ ಪೆರ್ಪೆತುವಾ.

“ಊರು ಇರೋವರೆಗೂ.”

ಸಂಜೆಯೊಳಗೆ ಫ್ರಿಜ್ಜಿನ ಮೇಲೆ ಹಿತ್ತಾಳೆ ಫಲಕ ಕೂತಿತು. ಕ್ರಿಸಾಂತೊ ಲೆದೆಸ್ಮಾನ ಹೆಸರು ದೊಡ್ಡ ಅಕ್ಷರದಲ್ಲಿತ್ತು, ಎಸೆದವನು ಎಂಬ ವಿವರದೊಂದಿಗೆ.

ಞಾ ಪೆರ್ಪೆತುವಾ ಫಲಕ ಓದಿದಳು, ಒಲೆಯ ಕಡೆ ನೋಡಿದಳು, ಏಪ್ರನ್ನಲ್ಲಿ ಕೈ ಒರೆಸಿದಳು.

“ಕ್ರಿಸಾಂತೊ, ಅಂಗಡಿ ತೆಗಿ. ಈ ಸಲ ಮೇಯರ್ ಮೇಲೆ ಬರೀಬೇಕು.”

ಅವನು ಕಂಪ್ಯೂಟರ್ ಹಚ್ಚಿ, ಕುರ್ಚಿ ಒರೆಸಿ, ಕಪ್ಪು ಹಲಗೆಯನ್ನು ಗೋಡೆಯ ಕಡೆ ತಿರುಗಿಸಿಟ್ಟ.

“ಞಾ, ಅಕ್ಷರ ತಪ್ಪಿದ್ರೆ ಮಾತ್ರ ತಿದ್ದಲಾ?”

“ಮುಟ್ಟಿ ನೋಡು,” ಎಂದು ಅವಳು ಬುಟ್ಟಿ ಅಡ್ಡ ಇಟ್ಟಳು.