ಏಳನೇ ನಂಬರಿನ ಬಿರಡೆ

ಎಲ್ಲಕ್ಕೂ ಮೂಲ, ಅಕ್ಕ ಫೋನಿನಲ್ಲಿ ಆಡಿದ ಒಂದೇ ಒಂದು ಮಾತು.

"ಮಂಡಿ ಹಿಡ್ಕೊಂಡಿದೆ ಪುಟ್ಟಾ. ಹೊಳೆ ದಡದ ತನಕ ನಡೆಯೋದು ಇನ್ನೆಷ್ಟು ದಿನವೋ! ಅಂದ ಹಾಗೆ, ನಿನ್ನ ದೋಣಿ ಎಲ್ಲಿಗೆ ಬಂತೋ?" ಎಂದು ನಕ್ಕು ಆಕೆ ಫೋನ್ ಇಟ್ಟಳು. ಅರವತ್ತೊಂದು ವರ್ಷದ ಪುಟ್ಟನಿಗೆ ಅವತ್ತು ಊಟ ಸೇರಲಿಲ್ಲ.

ಬೀದಿಯವರಿಗೆಲ್ಲ ಅವನು ಟಿಕೆಟ್ಟಪ್ಪ. ಕೆರೆಯ ದೋಣಿವಿಹಾರದಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವನು. ಇಪ್ಪತ್ತು ನಿಮಿಷ ಮುಗಿದೊಡನೆ ದಡದಲ್ಲಿ ನಿಂತು "ಏಳನೇ ನಂಬರ್, ಟೈಮಾಯ್ತು, ಬನ್ನಿ!" ಎಂದು ಕೂಗುವುದೂ ಅವನದೇ ಕೆಲಸ. ಸಿಬ್ಬಂದಿ ದೋಣಿ ಹತ್ತಬಾರದೆಂಬ ನಿಯಮವಿದ್ದುದರಿಂದ ತಾನು ಮಾತ್ರ ಒಂದು ದಿನವೂ ಹತ್ತಲಿಲ್ಲ. ಆಮೇಲೆ ಕೆರೆ ಬತ್ತಿತು. ನೀರೇ ಇಲ್ಲದ ಮೇಲೆ ದೋಣಿ ಯಾರಿಗೆ ಬೇಕು? ಏಳನೇ ನಂಬರಿನದು ಟಿಕೆಟ್ಟಪ್ಪನ ಹಿತ್ತಲಿಗೆ ಬಂದು ಮಗುಚಿಕೊಂಡಿತು. ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿಯನ್ನು ಮರಕ್ಕೂ ಇನ್ನೊಂದು ತುದಿಯನ್ನು ದೋಣಿಗೂ ಕಟ್ಟುವುದು ಅವನ ಹೆಂಡತಿಗೆ ಆರು ವರ್ಷದಿಂದ ಅಭ್ಯಾಸವಾಗಿತ್ತು. ಎದುರು ಮನೆಯವರ ಬಟ್ಟೆಯೂ ಅದೇ ಹಗ್ಗದ ಮೇಲೆ ಒಣಗುತ್ತಿತ್ತು.

ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳು ಅಕ್ಕ. ಅವನಿಗೆ ಎಂಟು ವರ್ಷವಾಗಿದ್ದಾಗ ಆಕೆ ಮದುವೆಯಾಗಿ ಹೊಳೆಯಾಚೆ ಹೊರಟಳು. ದೋಣಿಯಲ್ಲಿ ಬೀಗರಿಗೇ ಜಾಗ ಸಾಲದೆ, ಹತ್ತಿ ಕುಳಿತಿದ್ದ ಅವನನ್ನು ಕೆಳಗಿಳಿಸಿದ್ದರು. "ದೊಡ್ಡೋನಾಗಿ ನಂದೇ ದೋಣಿ ತರ್ತೀನಿ ಅಕ್ಕಾ, ನಿನ್ನ ಕೂರಿಸ್ಕೊಂಡು ವಾಪಸ್ ಕರ್ಕೊಂಡ್ ಬರ್ತೀನಿ!" ಎಂದು ಅಳುತ್ತಲೇ ಕೂಗಿದ್ದ. ಹೊಳೆಗೆ ಸೇತುವೆ ಬಂತು, ಅಕ್ಕನ ಗಂಡ ತೀರಿಕೊಂಡರು, ಅಕ್ಕನಿಗೆ ಎಪ್ಪತ್ತು ದಾಟಿತು. ಕೊಟ್ಟ ಮಾತು ಮಾತ್ರ ಇನ್ನೂ ಆ ದಡದಲ್ಲೇ ನಿಂತಿತ್ತು.

ಹೆಂಡತಿಯ ತಮ್ಮನದು ಶಾಲೆಯ ಮಕ್ಕಳನ್ನು ಸಾಗಿಸುವ ಜೀಪು. ಭಾನುವಾರ ಒಂದೇ ದಿನ ಬಿಡುವು. ಅವನು ಎಲ್ಲಿಂದಲೋ ಒಂದು ಟ್ರೇಲರನ್ನೂ ಹೊಂದಿಸಿ ತಂದ. ಬೆಳಿಗ್ಗೆ ಆರಕ್ಕೆ ಹೊರಡುವುದು, ಇನ್ನೂರೈವತ್ತು ಕಿಲೋಮೀಟರು, ಮಧ್ಯಾಹ್ನ ಅಕ್ಕನ ಬಾಗಿಲಲ್ಲಿ ದೋಣಿ. ಅಕ್ಕನಿಗೆ ಸುಳಿವೇ ಇರಬಾರದು. ಟಿಕೆಟ್ಟಪ್ಪನ ಲೆಕ್ಕಾಚಾರ ಇಷ್ಟೇ ಸರಳ.

ಆದರೆ ದೋಣಿಯನ್ನು ಟ್ರೇಲರಿಗೇರಿಸಿ ಬೀದಿಯಲ್ಲಿ ನಿಲ್ಲಿಸಿಕೊಂಡು ಗುಟ್ಟು ಕಾಪಾಡುವುದು ಯಾರಿಂದಾದೀತು? ಐದೂವರೆಗೇ ಪಕ್ಕದ ಮನೆಯ ನಿವೃತ್ತ ಲಾರಿ ಡ್ರೈವರ್ ಹಲ್ಲುಜ್ಜುತ್ತಾ ಬಂದು ಟ್ರೇಲರಿನ ಗಾಲಿಗೊಂದು ಒದೆ ಕೊಟ್ಟ.

"ಬೇರಿಂಗಿಗೆ ಗ್ರೀಸ್ ತುಂಬಿದೀರಾ?"

"ಇಲ್ಲ."

"ಸರಿ ಹೋಯ್ತು! ನೂರು ಕಿಲೋಮೀಟರಿಗೆ ಗಾಲಿ ಒಂದು ಕಡೆ, ನೀವೊಂದು ಕಡೆ. ಜಾಕ್ ತಗೊಂಡು ಬಾ ತಮ್ಮಾ."

ಗಾಲಿ ಬಿಚ್ಚಿದ್ದಾಯಿತು. ಅಷ್ಟರಲ್ಲಿ ಡ್ರೈವರಿನ ಕಣ್ಣು ದೋಣಿಯ ಹಿಂಭಾಗದ ತಳದಲ್ಲಿ ತೂತಿಗೆ ಹಾಕಿದ್ದ ಹಿತ್ತಾಳೆಯ ಬಿರಡೆಯ ಮೇಲೆ ಬಿತ್ತು. "ಇದನ್ನ ತೆಗೆದುಬಿಡು ಟಿಕೆಟ್ಟಪ್ಪಾ. ದಾರೀಲಿ ಮಳೆ ಬಂದ್ರೆ ನೀರು ತಾನಾಗಿ ಸೋರಿ ಹೋಗ್ಬೇಕು. ಇಲ್ದಿದ್ರೆ ದೋಣಿ ಬಾನಿ ಆಗಿ, ಭಾರಕ್ಕೆ ಆಕ್ಸಲ್ ಮುರಿಯುತ್ತೆ. ನೀರಿಗೆ ಇಳಿಸುವಾಗ ಮಾತ್ರ ಮರೀದೆ ಹಾಕ್ಕೋ, ಅಷ್ಟೆ."

ಮಾತೇನೋ ಸರಿಯಾಗಿತ್ತು. ಟಿಕೆಟ್ಟಪ್ಪ ಬಿರಡೆಯನ್ನು ತಿರುಗಿಸಿ ಬಿಚ್ಚಿದ. ಕಳೆದುಹೋದೀತೆಂದು ಅಂಗಿಯ ಜೇಬಿಗೆ ಹಾಕಿ ಗುಂಡಿಯನ್ನೂ ಹಾಕಿಕೊಂಡ. ಆಮೇಲೆ ಗ್ರೀಸಿನ ಡಬ್ಬಿ ಹಿಡಿಯಲು ಹೋಗಿ ಅರ್ಧ ಡಬ್ಬಿಯನ್ನು ಎದೆಯ ಮೇಲೆ ಸುರಿದುಕೊಂಡ.

"ರೀ, ಈ ಅವತಾರದಲ್ಲಿ ಅಕ್ಕನ ಮನೆಗೆ ಹೋಗ್ತೀರಾ? ಬಿಚ್ಚಿ ಅದನ್ನ!" ಹೆಂಡತಿ ಅಂಗಿಯನ್ನು ಕಿತ್ತುಕೊಂಡು ಹೋಗಿ ಬಕೆಟ್ಟಿನಲ್ಲಿ ನೆನೆಹಾಕಿ, ಇಸ್ತ್ರಿ ಮಾಡಿದ ನೀಲಿ ಅಂಗಿ ತೊಡಿಸಿದಳು.

ಎಂಟು ಗಂಟೆಗೆ ಎದುರು ಮನೆಯ ನಿವೃತ್ತ ಮೇಷ್ಟ್ರು ಕಾಗದ ಪೆನ್ನು ಹಿಡಿದು ಬಂದರು. ಸುರಕ್ಷತೆಯ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟೆಂದರೆ, ಮೆಟ್ಟಿಲು ಇಳಿಯುವಾಗಲೂ ಎಣಿಸಿಕೊಂಡೇ ಇಳಿಯುವವರು.

"ಟಿಕೆಟ್ಟಪ್ಪನವರೇ, ಪ್ರಯಾಣ ಮುಗಿಯೋವರೆಗೆ ಇಬ್ಬರ ಫೋನೂ ಆಫ್ ಆಗಿರಬೇಕು. ಪ್ರತಿ ಐವತ್ತು ಕಿಲೋಮೀಟರಿಗೆ ಇಳಿದು ಹಗ್ಗ ನೋಡಬೇಕು. ನಲವತ್ತರ ಮೇಲೆ ವೇಗ ಕೂಡದು. ಹಿಂದುಗಡೆ ಕೆಂಪು ಬಟ್ಟೆ ಕಟ್ಟಬೇಕು. ಮತ್ತೆ, ತುರ್ತಿಗೆ ಹತ್ತಿರದ ಸಂಬಂಧಿಕರೊಬ್ಬರ ನಂಬರ್ ಕೊಡಿ."

ಟಿಕೆಟ್ಟಪ್ಪನಿಗೆ ಬಾಯಿಪಾಠ ಬರುತ್ತಿದ್ದುದು ಒಂದೇ ನಂಬರು. ಅಕ್ಕನದನ್ನು ಹೇಳಿದ. ಮೇಷ್ಟ್ರು ಅದನ್ನು ದುಂಡಗೆ ಬರೆದುಕೊಂಡು ಮನೆಯೊಳಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದರು.

ಆಮೇಲೆ ಭಾರದ ಜಗಳ ಶುರುವಾಯಿತು. "ಮುಂದಕ್ಕೆ ತಳ್ಳಿ. ಹಿಂದೆ ಭಾರ ಆದ್ರೆ ಟ್ರೇಲರು ಹಾವಿನ ತರ ಹೊಯ್ದಾಡುತ್ತೆ" ಎಂದ ಡ್ರೈವರ್. "ಸಮತೋಲನ ಅಂದ್ರೆ ನಟ್ಟನಡುವೆ ಇರೋದು. ಹಿಂದಕ್ಕೆ ತಳ್ಳಿ" ಎಂದರು ಮೇಷ್ಟ್ರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ದೋಣಿ ಅರ್ಧ ಗಂಟೆ ಹಿಂದಕ್ಕೂ ಮುಂದಕ್ಕೂ ಓಡಾಡಿತು. ಹತ್ತು ಜನರ ನಡುವೆ ಹಾವು ಸಾಯುವುದಿಲ್ಲ ಎಂಬುದು ಗಾದೆ. ಇಲ್ಲಿ ಇಬ್ಬರೇ ಸಾಕಾಗಿದ್ದರು. ಕೊನೆಗೆ ಡ್ರೈವರ್ ತನ್ನ ಲಾರಿ ಕಾಲದ ಗಂಟುಗಳನ್ನೆಲ್ಲ ಹಾಕಿ ಬಿಗಿದ. ಮೇಷ್ಟ್ರು ಒಂದೊಂದು ಗಂಟನ್ನೂ ಎಳೆದು ನೋಡಿ ಗುರುತು ಹಾಕಿಕೊಂಡರು.

ಹನ್ನೊಂದೂವರೆಗೆ ಜೀಪು ಹೊರಟಿತು. ದೋಣಿಯ ಹಿಂದೆ ಬಟ್ಟೆಯ ಹಗ್ಗವೂ ಹೊರಟಿತು. ದೋಣಿ ಟ್ರೇಲರ್ ಹತ್ತಿದ್ದರೂ ಹೆಂಡತಿಯ ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ. ಎರಡು ಮನೆಯ ದಿಂಬಿನ ಚೀಲ, ಪೈಜಾಮ, ಟವೆಲ್ಲು ಬೀದಿ ಗುಡಿಸುತ್ತಾ ಬಂದುದನ್ನು ಕಂಡು ಎಲ್ಲರೂ ಬೊಬ್ಬೆ ಹಾಕಿದರು. ಎಲ್ಲ ಬಿಡಿಸಿದ ಮೇಲೆ ಡ್ರೈವರಿನ ಗಂಟಿಗೆ ಸಿಕ್ಕಿಕೊಂಡ ಒಂದು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಅದು ಮೇಷ್ಟ್ರ ಕೆಂಪು ಸ್ವೆಟರು.

"ಕೆಂಪು ಬಟ್ಟೆ ಬೇಕು ಅಂದ್ರಲ್ಲ ಸಾರ್, ಇದೇ ಆಯ್ತು" ಎಂದ ಡ್ರೈವರ್. ನಿಯಮ ತಮ್ಮದೇ ಆದ್ದರಿಂದ ಮೇಷ್ಟ್ರು ಅದಕ್ಕೂ ಒಂದು ಗುರುತು ಹಾಕಿಕೊಂಡರು.

ದಾರಿಯುದ್ದಕ್ಕೂ ಟಿಕೆಟ್ಟಪ್ಪ ನಿಯಮ ಮೀರಲಿಲ್ಲ. ಫೋನುಗಳು ಆಫಾಗಿ ಜೀಪಿನ ಮುಂದಿನ ಡಬ್ಬಿಯೊಳಗಿದ್ದವು. ಐವತ್ತಕ್ಕೊಮ್ಮೆ ಇಳಿದು ಹಗ್ಗ ಮುಟ್ಟಿ ನೋಡಿದ. ಸೈಕಲ್ಲಿನವರೂ ಗಂಟೆ ಬಾರಿಸಿ ಮುಂದೆ ಹೋದರು. ಕಣ್ಣ ಮುಂದೆ ಇದ್ದದ್ದು ಒಂದೇ ಚಿತ್ರ: ಅಕ್ಕ ದೋಣಿಯ ಹಲಗೆಯ ಮೇಲೆ, ತಾನು ಹುಟ್ಟು ಹಾಕುತ್ತಾ ಎದುರಿಗೆ. ಇಷ್ಟು ವರ್ಷ ಯಾಕೆ ಕಾದೆ ಎಂದು ತನ್ನನ್ನೇ ಬೈದುಕೊಂಡ. ಒಂದು ಗಂಟೆಯ ಹೊತ್ತಿಗೆ ಎದುರಿನಿಂದ ಬಂದ ಬಸ್ಸಿನ ಕಿಟಕಿಯಿಂದ ಒಂದು ಕೈ ದೋಣಿಯತ್ತ ಬೀಸಿತು. ಟಿಕೆಟ್ಟಪ್ಪನೂ ಖುಷಿಯಾಗಿ ಕೈ ಬೀಸಿದ. ಹಿಂದೆ ಸ್ವೆಟರಿನ ತೋಳುಗಳೂ ಬೀಸುತ್ತಿದ್ದವು.

ಸಂಜೆ ಆರಕ್ಕೆ ಹೊಳೆ ಕಂಡಿತು. ದಡದ ಪಕ್ಕದಲ್ಲೇ ಅಕ್ಕನ ಮನೆ. ಬಾಗಿಲಿಗೆ ಬೀಗ.

"ಅವರು ಬೆಳಿಗ್ಗೆ ಹತ್ತರ ಬಸ್ಸಿಗೇ ಹೋದ್ರಲ್ಲ" ಎಂದಳು ಪಕ್ಕದ ಮನೆಯಾಕೆ. "ತಮ್ಮನಿಗೇನೋ ಆಗಿದೆಯಂತೆ, ಅಳ್ತಾ ಹೋದ್ರು."

ಟಿಕೆಟ್ಟಪ್ಪ ಡಬ್ಬಿಯಿಂದ ಫೋನ್ ತೆಗೆದು ಆನ್ ಮಾಡಿದ. ಮನೆಯಿಂದ ಇಪ್ಪತ್ತಮೂರು ಸಲ ಕರೆ ಬಂದಿತ್ತು. ಮನೆಗೆ ಮಾಡಿದರೆ ಎತ್ತಿದವಳು ಅಕ್ಕ.

"ಪುಟ್ಟಾ! ನಿನ್ನ ಮನೇಲಿದೀನಿ ಕಣೋ. ಬೆಳಿಗ್ಗೆ ಯಾರೋ ಮೇಷ್ಟ್ರು ಫೋನ್ ಮಾಡಿ, 'ಗಾಬರಿ ಆಗಬೇಡಿ, ನಿಮ್ಮ ತಮ್ಮನಿಗೆ ಇನ್ನೂ ಏನೂ ಆಗಿಲ್ಲ, ಆದರೆ ಇದೇ ನಂಬರಿಗೆ ತಿಳಿಸ್ತೀವಿ' ಅಂದ್ರು. ಇನ್ನೂ ಆಗಿಲ್ಲ ಅಂದ್ರೆ ಏನರ್ಥ? ಜೀವ ಬಾಯಿಗೆ ಬಂತು. ಸಿಕ್ಕಿದ ಬಸ್ಸು ಹತ್ತಿದೆ. ದಾರೀಲಿ ಒಂದು ದೋಣಿ ಹೋಯ್ತು ನೋಡು, ಅದರ ಹಿಂದೆ ಕೆಂಪು ಸ್ವೆಟರ್ ಹಾಕ್ಕೊಂಡು ಒಬ್ಬ ಜೋತಾಡ್ತಿದ್ದ. ಪಾಪ ಅಂತ ಕೈ ಬೀಸಿದೆ."

ಟಿಕೆಟ್ಟಪ್ಪ ಟ್ರೇಲರಿನತ್ತ ತಿರುಗಿದ. "ಆ ದೋಣಿ ನಂದೇ ಅಕ್ಕಾ. ನಿನ್ನ ಹೊಳೆ ದಡದಲ್ಲಿದೀನಿ. ದೋಣಿ ತಂದಿದೀನಿ."

ಆ ಕಡೆ ಮೂಗು ಸೀಟಿದ ಸದ್ದು.

"ಇಲ್ಲಿಗೆ ಬಂದ ಮೇಲೇ ಗೊತ್ತಾಯ್ತು ಕಣೋ, ನಿನ್ನ ಹೆಂಡತಿ ಎಲ್ಲಾ ಹೇಳಿದ್ಲು. ಬಸ್ಸಲ್ಲಿ ಕೂತು ಮಂಡಿ ಊದಿದೆ, ನಾಲ್ಕು ದಿನ ಏಳೋ ಹಾಗಿಲ್ಲ. ಸುಮ್ನೆ ಯಾಕೆ ಕೂರೋದು ಅಂತ ನಿನ್ನ ಅಂಗಿ ಹಿಂಡಿದೆ. ಜೇಬಲ್ಲಿ ಹಿತ್ತಾಳೇದೇನೋ ಬಿರಡೆ ಇತ್ತು. ಬೇಕಾದ್ದೇನೋ ಅದು?"

ಟಿಕೆಟ್ಟಪ್ಪ ನೀಲಿ ಅಂಗಿಯ ಜೇಬನ್ನು ಒಮ್ಮೆ ಮುಟ್ಟಿಕೊಂಡ. ಇಸ್ತ್ರಿ ಚೆನ್ನಾಗಿತ್ತು.

"ಹುಷಾರಾಗಿ ಇಟ್ಟಿರು ಅಕ್ಕಾ, ಬರ್ತೀನಿ" ಎಂದ. ಬೆಳಗಾದರೆ ಜೀಪು ಶಾಲೆಯ ಮುಂದಿರಬೇಕು, ಟ್ರೇಲರೂ ಇನ್ನೊಬ್ಬರದು. ನಾಳೆ ಹೊತ್ತಿಗೆ ಅಕ್ಕ, ದೋಣಿ, ಬಿರಡೆ ಎಲ್ಲ ಒಂದೇ ಕಡೆ ಸೇರುತ್ತವೆ, ನೀರೊಂದು ಬಿಟ್ಟು. ಫೋನಿನಲ್ಲಿ ಹಿಂದಿನಿಂದ ಮೇಷ್ಟ್ರ ದನಿಯೂ ಕೇಳಿಸಿತು: "ಹೊರಡೋ ಮುಂಚೆ ಹಗ್ಗ ಬಿಚ್ಚಿ ಹೊಸದಾಗಿ ಬಿಗೀಬೇಕು ಅಂತ ಹೇಳಮ್ಮಾ!"

ಟಿಕೆಟ್ಟಪ್ಪ ಫೋನ್ ಇಟ್ಟು, ಗಾಲಿಯ ಮೇಲೆ ಕಾಲಿಟ್ಟು, ಟ್ರೇಲರಿನ ಮೇಲಿದ್ದ ದೋಣಿ ಹತ್ತಿದ. ಏಳನೇ ನಂಬರನ್ನು ಅವನು ಹತ್ತಿದ್ದು ಇದೇ ಮೊದಲು. ಎದುರಿನ ಹಲಗೆಯನ್ನು ಅಂಗೈಯಿಂದ ಒರೆಸಿ, ಅಕ್ಕನಿಗೆ ಜಾಗ ಬಿಟ್ಟು ಕುಳಿತ. ಕೆಳಗೆ ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಎಂಟು ವರ್ಷದವನಾಗಿದ್ದಾಗ ನೋಡಿದಷ್ಟೇ ಅಗಲವಾಗಿತ್ತು.

ಹೆಂಡತಿಯ ತಮ್ಮ ಪಾಪ, ಇಪ್ಪತ್ತು ನಿಮಿಷ ಸುಮ್ಮನಿದ್ದ. ಆಮೇಲೆ ದಡದಲ್ಲಿ ನಿಂತು ಕೂಗಿದ:

"ಭಾವಾ, ಟೈಮಾಯ್ತು, ಬನ್ನಿ!"